ಸೆರೆಮನೆಯ ನೆರೆಹೊರೆ

ಸೆರೆಮನೆಯ ವಿಷಯವನ್ನು ವಾಚನಾಲಯದ ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂದು ಕೆಲವು ಸದಸ್ಯರು ಕೇಳಬಹುದು. ಮನೆಯ ಹೆಂಗಸರು ಮಕ್ಕಳು ಓದುವ ಪತ್ರಿಕೆ ಇದು. ಒಳ್ಳೆಯ ವಿಷಯಗಳಿಗೇನು ಬರಗಾಲವೇ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ನಮ್ಮ ಶಹಾಡ್ ಸ್ಟೇಷನ್ನಿನಿಂದ ಕಲ್ಯಾಣದ ಆಧಾರವಾಡಿ ಜೈಲು ಒಂದು ರಿಕ್ಷಾದ ಹಾದಿಯಷ್ಟೇ ದೂರ. ನಮ್ಮ ಚಾಳುಗಳಿಂದ ಆ ಬಾಗಿಲಿಗೆ ಹೋಗಿ ಬಂದವರು ಇಲ್ಲವೇ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು. ಹೇಳದೆ ಮುಚ್ಚಿಡುತ್ತೇವೆ, ಅಷ್ಟೆ.

ನಾಡಿಗಾಗಿ ಜೈಲಿಗೆ ಹೋದವರ ಕಥೆಯನ್ನು ನಾವು ಅಭಿಮಾನದಿಂದ ಓದುತ್ತೇವೆ. ‘ನರಬಲಿ’ ಎಂಬ ಕವನಕ್ಕಾಗಿ ಬೇಂದ್ರೆಯವರು 1932ರಲ್ಲಿ ಬೆಳಗಾವಿಯ ಹಿಂಡಲಗಾ ಜೈಲನ್ನು ಕಂಡರು. ಅವರು ತಲೆ ಎತ್ತಿ ಹೋದವರು. ಒಳಗೆ ಅವರಿಗೆ ಸಮಾನ ಮನಸ್ಸಿನ ಜೊತೆಗಾರರಿದ್ದರು. ಹೊಡೆದಾಟದಲ್ಲೋ, ಕಳವಿನ ಸಂಶಯದಲ್ಲೋ ಸಿಕ್ಕಿಬಿದ್ದ ನಮ್ಮ ಚಾಳಿನ ಹುಡುಗ ತಲೆ ತಗ್ಗಿಸಿ ಹೋಗುತ್ತಾನೆ. ಒಳಗೆ ಅವನಿಗೆ ಯಾರೂ ಇಲ್ಲ. ಇಂಥವನು ಅಪರಿಚಿತರ ನಡುವೆ ಹೇಗೆ ಬಾಳಬೇಕೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಲೇಖನ ಅದಕ್ಕಾಗಿ.

ಇದನ್ನು ಬರೆಯಲು ಒಂದು ಕಾರಣವೂ ಒದಗಿತು. ಒಂದು ಮಳೆಗಾಲದ ಸಂಜೆ ನಾವು ಗಿರಣಿಯ ಕೆಲಸ ಮುಗಿಸಿ ಬಂದು ವಾಚನಾಲಯದ ಬೀಗ ತೆಗೆಯುತ್ತಿದ್ದಾಗ ವಿಜಯಪುರದ ಕಡೆಯ ತಾಯಿಯೊಬ್ಬರು ಮೆಟ್ಟಿಲ ಮೇಲೆ ಕುಳಿತಿದ್ದರು. ಇಪ್ಪತ್ತೆರಡು ವರ್ಷದ ಅವರ ಮಗ ಹೊಡೆದಾಟದ ಪ್ರಕರಣವೊಂದರಲ್ಲಿ ಆಧಾರವಾಡಿಯಲ್ಲಿದ್ದ. “ಯಪ್ಪಾ, ಹುಡುಗ ಎರಡ ಸಾವಿರ ಕೇಳ್ಯಾನ. ಸ್ಟೇಷನ್ ಹತ್ರ ಒಬ್ಬಾಂವ ಬರತಾನಂತ, ಅವನ ಕೈಯಾಗ ಕೊಡಬೇಕಂತ. ಕೊಡ್ಲ್ಯಾ?” ಎಂದು ಕೇಳಿದರು. ಹುಡುಗನಿಗೆ ತೊಂದರೆಯಾಗಬಾರದೆಂದು ನಾವು, “ಕೊಟ್ಟುಬಿಡಿ, ಅವ್ವಾ” ಎಂದೆವು.

ಅದು ನಮ್ಮ ತಪ್ಪು. ಮೂರು ವಾರದ ಮೇಲೆ ಬೇಡಿಕೆ ಐದು ಸಾವಿರಕ್ಕೆ ಏರಿತು. ತಾಯಿ ಕಿವಿಯ ಬೆಂಡೋಲೆ ಅಡವಿಟ್ಟು ಅದನ್ನೂ ಕೊಟ್ಟರು. ಆಮೇಲೆ ವಾಚನಾಲಯಕ್ಕೆ ಬಂದು, “ರೊಕ್ಕ ಹೋದ್ರ ಹೋಗ್ಲಿ. ನಾಕ ಮಂದ್ಯಾಗ ಹೆಂಗ ಇರಬೇಕು ಅಂತ ಅವಗ ಒಂದ ಪತ್ರ ಬರದು ತಿಳಸ್ರಿ” ಎಂದರು. ಬರೆಯಲು ಕುಳಿತಾಗ ನಮಗೆ ಏನೂ ತಿಳಿಯದೆಂಬುದು ಗೊತ್ತಾಯಿತು. ಆದುದರಿಂದ ಬಲ್ಲವರನ್ನು ವಿಚಾರಿಸಿದೆವು. 1982ರ ಮುಂಬಯಿ ಗಿರಣಿ ಮುಷ್ಕರದ ಕಾಲದಲ್ಲಿ ಕೆಲವು ದಿನ ಠಾಣೆ ಜೈಲಿನಲ್ಲಿದ್ದ ನಮ್ಮ ಹಿರಿಯ ಓದುಗರೊಬ್ಬರು, ಆಧಾರವಾಡಿಯಿಂದ ಬಿಡುಗಡೆಯಾಗಿ ಬಂದ ಇಬ್ಬರು, ಉಚಿತ ಕಾನೂನು ನೆರವಿನ ವಕೀಲರೊಬ್ಬರು, ಇವರು ಹೇಳಿದ್ದನ್ನೂ ನಾವು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇವೆ.

ಒಳಗಿರುವವರು ಯಾರು?

ಜೈಲಿನಲ್ಲಿರುವವರೆಲ್ಲ ಶಿಕ್ಷೆಯಾದ ಅಪರಾಧಿಗಳೆಂದು ನಾವು ತಿಳಿದಿರುತ್ತೇವೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ ಒಟ್ಟು 5,73,220 ಮಂದಿ ಇದ್ದರೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ಇನ್ನೂ ವಿಚಾರಣೆ ಮುಗಿಯದವರು. ಒಳಗಿನ ಭಾಷೆಯಲ್ಲಿ ಕಚ್ಚಾ ಕೈದಿಗಳು. ಅಷ್ಟೂ ಜನರಿಗೆ ಇದ್ದ ಸ್ಥಳವಾದರೋ 4,36,266 ಮಂದಿಗೆ ಮಾತ್ರ. ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ. ಇದು ದೇಶದ ಸರಾಸರಿ; ದೊಡ್ಡ ಪಟ್ಟಣಗಳ ಬಳಿ ಇಕ್ಕಟ್ಟು ಇದಕ್ಕಿಂತ ಹೆಚ್ಚು.

ಈ ಅಂಕಿಗಳಿಂದ ಎರಡು ಸಂಗತಿ ತಿಳಿಯುತ್ತವೆ. ಪಕ್ಕದಲ್ಲಿ ಮಲಗಿರುವವನು ರಾಕ್ಷಸನೇ ಆಗಿರಬೇಕೆಂದಿಲ್ಲ. ಅವನೂ ತಾರೀಖಿಗಾಗಿ ಕಾಯುತ್ತ, ಮನೆಯ ಚಿಂತೆಯಲ್ಲಿ ನಿದ್ದೆಗೆಟ್ಟವನಿರಬಹುದು. ಇನ್ನೊಂದು, ಒಳಗಿನ ಜಗಳಗಳಲ್ಲಿ ಹೆಚ್ಚಿನವು ಕೆಟ್ಟತನದಿಂದ ಹುಟ್ಟುವುದಿಲ್ಲ, ಇಕ್ಕಟ್ಟಿನಿಂದ ಹುಟ್ಟುತ್ತವೆ. ಒಂದು ನಲ್ಲಿಗೆ ಇಪ್ಪತ್ತು ಮನೆಯಿರುವ ಚಾಳಿನಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸಿಗೆ ಇದ್ದಷ್ಟು ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಖರ್ಚುವೆಚ್ಚಕ್ಕೆ ಹೇಳುತ್ತೇವೆ. ಬ್ಯಾರಕ್ಕಿನಲ್ಲಿ ಅದು ಅಕ್ಷರಶಃ ನಿಜ. ನೆಲದ ಮೇಲೆ ಸಾಲಾಗಿ ಮಲಗುವಾಗ ಒಬ್ಬೊಬ್ಬನಿಗೆ ಒಂದು ಕಂಬಳಿಯ ಅಗಲವೂ ಸಿಕ್ಕುವುದು ಕಷ್ಟ. ಫ್ಯಾನಿನ ಕೆಳಗಿನ ಜಾಗ, ಕಿಟಕಿಯ ಪಕ್ಕದ ಜಾಗ ಹಳಬರಿಗೆ. ಹೊಸದಾಗಿ ಬಂದವನಿಗೆ ಸಂಡಾಸಿನ ಬಳಿಯ ಜಾಗ ದೊರೆಯುವುದೇ ವಾಡಿಕೆ. ಮೊದಲ ರಾತ್ರಿಯೇ ಇದಕ್ಕಾಗಿ ಜಗಳಕ್ಕೆ ನಿಲ್ಲಬಾರದು. ಒಳಗೆ ಜನ ಬರುತ್ತ ಹೋಗುತ್ತ ಇರುತ್ತಾರೆ. ಒಬ್ಬನಿಗೆ ಜಾಮೀನಾದರೆ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಸುಮ್ಮನಿದ್ದು ಕಾದವನ ಸರದಿ ತಾನಾಗಿ ಬರುತ್ತದೆ. ಹಣ ಕೊಟ್ಟು ಜಾಗ ಕೊಂಡವನು ಪ್ರತಿ ವಾರವೂ ಕೊಡಬೇಕಾಗುತ್ತದೆ.

ಬೆಳಗಾಗುತ್ತಲೇ ಬಾಗಿಲು ತೆಗೆದು ತಲೆ ಎಣಿಸುತ್ತಾರೆ. ಇದಕ್ಕೆ ಗಿನತಿ ಎನ್ನುತ್ತಾರೆ. ಎಣಿಕೆ ತಪ್ಪಿದರೆ ಇಡೀ ಬ್ಯಾರಕ್ಕು ಮತ್ತೆ ಕೂರಬೇಕು. ಒಬ್ಬನ ಸೋಮಾರಿತನಕ್ಕೆ ನೂರು ಜನರ ಚಹಾ ತಣ್ಣಗಾದರೆ ಆ ದಿನವೆಲ್ಲ ಅವನ ಮೇಲೆ ಕಣ್ಣು. ನೀರಿನ ತೊಟ್ಟಿಯ ಬಳಿ ತನ್ನ ಪಾಲಿನ ನೀರಷ್ಟೇ ತೆಗೆದುಕೊಳ್ಳುವುದು, ಸಂಡಾಸಿನಲ್ಲಿ ನೀರು ಹೊಯ್ದು ಬರುವುದು, ಊಟದ ಸಾಲಿನಲ್ಲಿ ನುಗ್ಗದಿರುವುದು, ರಾತ್ರಿ ಎದ್ದಾಗ ಮಲಗಿದವರನ್ನು ತುಳಿಯದೆ ದಾಟುವುದು, ಇವು ಕೇಳಲು ಸಣ್ಣ ಮಾತುಗಳು. ನಾವು ವಿಚಾರಿಸಿದವರೆಲ್ಲರೂ ಇವನ್ನೇ ಮೊದಲು ಹೇಳಿದರು. ಹಿರಿಯ ಓದುಗರು ಹೇಳಿದ ಮಾತು ಇದು: “ಒಳಗ ಒಬ್ಬ ಮನಿಶ್ಯಾ ಎಂಥಾಂವ ಅಂತ ಅವನ ಕೇಸ್ ನೋಡಿ ತಿಳಿಯೂದಿಲ್ಲರೀ, ಸಂಡಾಸಿನಿಂದ ಹ್ಯಾಂಗ ಹೊರಗ ಬರ್ತಾನ ಅನ್ನೂದರಾಗ ತಿಳೀತದ.”

ಮಾತಿನ ಮಿತಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಒಳಗೆ ಹೋದವನು ಮೊದಲ ಕೆಲವು ದಿನ ಹೆಚ್ಚು ನೋಡಬೇಕು, ಕಡಿಮೆ ಆಡಬೇಕು. “ನೀನು ಏನು ಮಾಡಿ ಬಂದೆ?” ಎಂದು ಯಾರನ್ನೂ ತಾನಾಗಿ ಕೇಳತಕ್ಕದ್ದಲ್ಲ. ತನ್ನನ್ನು ಕೇಳಿದರೆ, ಇಂಥ ಪ್ರಕರಣ, ಕೋರ್ಟಿನಲ್ಲಿ ನಡೆಯುತ್ತಿದೆ, ವಕೀಲರು ನೋಡಿಕೊಳ್ಳುತ್ತಿದ್ದಾರೆ, ಎಂದಿಷ್ಟೇ ಉತ್ತರ ಸಾಕು. ಬೇಸರ ಕಳೆಯಲೆಂದು ಪಕ್ಕದವನಿಗೆ ಹೇಳಿದ ಮಾತು ತಿರುಗಿ ಪೊಲೀಸರ ಕಿವಿಗೆ ಬೀಳಬಹುದೆಂದು ವಕೀಲರು ಎಚ್ಚರಿಸುತ್ತಾರೆ. ಮನೆಯ ವಿಳಾಸ, ಅಕ್ಕತಂಗಿಯರ ಹೆಸರು, ಯಾರಿಗೆ ಎಷ್ಟು ಸಂಬಳ, ಇವನ್ನು ಹೇಳುವ ಅಗತ್ಯವೇ ಇಲ್ಲ.

ಇಲ್ಲಿ ನಮ್ಮ ಕನ್ನಡದ ಹುಡುಗರಿಗೆ ಒಂದು ವಿಶೇಷ ತೊಂದರೆಯಿದೆ. ಬ್ಯಾರಕ್ಕಿನ ಮಾತು ಮರಾಠಿ ಮತ್ತು ಹಿಂದಿ. ಊರಿನಿಂದ ಬಂದು ವರ್ಷವೂ ಆಗದವನಿಗೆ ಎರಡೂ ಅಷ್ಟಕ್ಕಷ್ಟೆ. ಗಿನತಿಯಲ್ಲಿ ಹೆಸರು ಕರೆದದ್ದು ತಿಳಿಯದೆ ಬೈಸಿಕೊಳ್ಳುತ್ತಾನೆ; ತಮಾಷೆಯ ಮಾತನ್ನು ಬೈಗುಳವೆಂದು ತಿಳಿದು ಕೈ ಎತ್ತುತ್ತಾನೆ. ಹೀಗಿರುವಾಗ, “ಏನ್ ತಮ್ಮಾ, ಯಾವೂರು?” ಎಂದು ಯಾರಾದರೂ ಕನ್ನಡದಲ್ಲಿ ಕೇಳಿಬಿಟ್ಟರೆ ದೇವರೇ ಬಂದಂತಾಗುತ್ತದೆ. ಹಾಗೆ ಕೇಳಿದವನು ಒಳ್ಳೆಯವನಾಗಿರಬಹುದು, ದಲ್ಲಾಳಿಯೂ ಆಗಿರಬಹುದು. ಮೇಲೆ ಹೇಳಿದ ತಾಯಿಯ ಮಗನಿಗೆ ಮೊದಲ ಬಿಸ್ಕತ್ತಿನ ಪೊಟ್ಟಣ ಕೊಟ್ಟವನು ನಮ್ಮ ಭಾಷೆಯವನೇ. ಭಾಷೆ ಒಂದಾದ ಮಾತ್ರಕ್ಕೆ ಲೆಕ್ಕ ಇರುವುದಿಲ್ಲವೆಂದು ಹುಡುಗ ನಂಬಿದ. ಲೆಕ್ಕ ಇತ್ತು.

ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲಾ 27 ವರ್ಷ ಸೆರೆಯಲ್ಲಿದ್ದರು. ಅವರು ಒಳಗಿದ್ದಾಗ ಕಾವಲುಗಾರರ ಭಾಷೆಯಾದ ಆಫ್ರಿಕಾನ್ಸನ್ನು ಕಲಿತರು. ತಮ್ಮನ್ನು ಕೂಡಿಹಾಕಿದವರ ಮಾತನ್ನು ಏಕೆ ಕಲಿಯಬೇಕೆಂದು ಜೊತೆಯವರಿಗೆ ಅನ್ನಿಸಿದ್ದರೂ ಅವರು ಬಿಡಲಿಲ್ಲ. ನಮ್ಮ ಹುಡುಗರು ದಿನಕ್ಕೆ ಐದು ಮರಾಠಿ ಮಾತು ಕಲಿತರೂ ಎರಡು ತಿಂಗಳಲ್ಲಿ ಯಾರ ಮಧ್ಯಸ್ಥಿಕೆಯೂ ಇಲ್ಲದೆ ವಾರ್ಡರನ ಮುಂದೆ ತಮ್ಮ ಮಾತನ್ನು ತಾವೇ ಆಡಬಲ್ಲರು.

ಋಣಕ್ಕೆ ಬೀಳಬೇಡ

ನಾವು ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಸಂಗತಿ ಇದು. ಒಳಗೆ ಹೊಡೆತದ ಭಯಕ್ಕಿಂತ ಸಾಲದ ಭಯ ದೊಡ್ಡದು. ಬೀಡಿ, ತಂಬಾಕು, ಸಾಬೂನು, ಬಿಸ್ಕತ್ತು, ಟೆಲಿಫೋನಿನ ಸರದಿ, ಇಸ್ಪೀಟಿನ ಒಂದು ಆಟ, ಯಾವುದಾದರೂ ಆಗಬಹುದು. ಹೊಸಬನ ಮುಖ ನೋಡಿ, “ತಗೋ, ಆಮೇಲೆ ನೋಡೋಣ” ಎನ್ನುತ್ತಾರೆ. ಆ ‘ಆಮೇಲೆ’ ಬಂದೇ ಬರುತ್ತದೆ. ಆಗ ಬೆಲೆ ಅಂಗಡಿಯದ್ದಲ್ಲ, ಕೊಟ್ಟವನು ಹೇಳಿದ್ದೇ ಬೆಲೆ. ಕೊಡಲಾಗದಿದ್ದರೆ ಮನೆಯವರಿಂದ ತರಿಸು ಎನ್ನುತ್ತಾರೆ. ಅದೂ ಆಗದಿದ್ದರೆ ಅವರ ಬಟ್ಟೆ ಒಗೆಯಬೇಕು, ಅವರ ಜಗಳದಲ್ಲಿ ಕೈಗೂಡಿಸಬೇಕು, ಅವರ ಸಾಮಾನು ಬಚ್ಚಿಡಬೇಕು. ಒಂದು ಪ್ರಕರಣದಲ್ಲಿ ಒಳಗೆ ಹೋದವನು ಎರಡನೆಯದರಲ್ಲಿ ಸಿಕ್ಕಿಕೊಳ್ಳುವುದು ಹೀಗೆ.

ಇದಕ್ಕೆ ಉಪಾಯ ಸುಲಭವೂ ಹೌದು, ಕಷ್ಟವೂ ಹೌದು. ಮನೆಯವರು ಹಣ ಕೊಡುವುದಾದರೆ ನಿಯಮದಂತೆ ಜೈಲಿನ ಕಚೇರಿಯ ಮೂಲಕ ಅವನ ಹೆಸರಿನ ಖಾತೆಗೇ ಜಮಾ ಆಗಬೇಕು. ಅದರಿಂದ ಅವನು ಜೈಲಿನ ಕ್ಯಾಂಟೀನಿನಲ್ಲಿ ಬೇಕಾದ್ದು ಕೊಳ್ಳಬಹುದು. ಸ್ಟೇಷನ್ನಿನ ಬಳಿ ಬರುವ ಅಪರಿಚಿತನ ಕೈಗೆ ಒಂದು ರೂಪಾಯಿಯನ್ನೂ ಕೊಡತಕ್ಕದ್ದಲ್ಲ. ಒಳಗಿರುವವನು ತನ್ನಲ್ಲಿಲ್ಲದ್ದನ್ನು ಬಿಡಬೇಕು. ಬೀಡಿಯ ಚಟವಿದ್ದವನಿಗೆ ಮೊದಲ ಹದಿನೈದು ದಿನ ನರಕವೇ ಸರಿ. ಆಮೇಲೆ ಅವನನ್ನು ಹಿಡಿಯಲು ಯಾರ ಬಳಿಯೂ ದಾರ ಇರುವುದಿಲ್ಲ.

ಋಣ ಬೇಡವೆಂದರೆ ಯಾರೊಡನೆಯೂ ಬೆರೆಯಬಾರದೆಂದು ಅರ್ಥವಲ್ಲ. ಮುಖ ತಿರುಗಿಸಿ ಮೂಲೆ ಹಿಡಿದವನನ್ನು ಬ್ಯಾರಕ್ಕು ಬೇಗ ಕೆಣಕುತ್ತದೆ. ತೆಗೆದುಕೊಳ್ಳುವವನಾಗದೆ ಕೊಡುವವನಾಗಬೇಕು. ಕೊಡಲು ಹಣವೇ ಬೇಕಾಗಿಲ್ಲ.

ಉಪಯೋಗಕ್ಕೆ ಬರುವವನು

ಓದು ಬರಹ ಬಲ್ಲವನಿಗೆ ಒಳಗೆ ಬಹಳ ಬೆಲೆ. ಚಾರ್ಜ್‌ಶೀಟಿನಲ್ಲಿ ಏನು ಬರೆದಿದೆ, ಮುಂದಿನ ತಾರೀಖು ಎಂದು, ಜಾಮೀನಿನ ಅರ್ಜಿ ಹೇಗೆ, ಇವನ್ನು ತಿಳಿಯದವರು ಎಷ್ಟೋ ಮಂದಿ. ಅವರಿಗೆ ಒಂದು ಪತ್ರ ಬರೆದುಕೊಟ್ಟು, ಬಂದ ಪತ್ರವನ್ನು ಓದಿ ಹೇಳಿ, ಒಳಗಿನ ವಿಷಯವನ್ನು ಇನ್ನೊಬ್ಬರಿಗೆ ಬಾಯಿ ಬಿಡದವನ ಮೈಮೇಲೆ ಕೈ ಹಾಕಲು ಯಾರೂ ಮುಂದಾಗರು. ಆಧಾರವಾಡಿಯಿಂದ ಬಂದ ಇಬ್ಬರಲ್ಲಿ ಒಬ್ಬರು ಹತ್ತನೆಯ ಇಯತ್ತೆ ಓದಿದವರು. ಪತ್ರಕ್ಕೆ ಪ್ರತಿಯಾಗಿ ಬೀಡಿ ಕೊಡಲು ಬಂದರೆ ಒಲ್ಲೆನೆನ್ನುತ್ತಿದ್ದರಂತೆ. ಅವರಿಗೆ ಫ್ಯಾನಿನ ಕೆಳಗಿನ ಜಾಗ ಕೇಳದೆಯೇ ದೊರಕಿತು.

ದೊಡ್ಡವರೂ ಹೀಗೆಯೇ ಕಾಲ ಕಳೆದರು. 1932ರಲ್ಲಿ ಯರವಡಾ ಜೈಲಿನಲ್ಲಿ ಗಾಂಧೀಜಿಯವರೊಡನೆ ಇದ್ದ ವಲ್ಲಭಭಾಯಿ ಪಟೇಲರು ಉಪಯೋಗಿಸಿದ ಕಾಗದದಿಂದ ಲಕೋಟೆ ಮಾಡುತ್ತಿದ್ದರು, ಸಂಸ್ಕೃತ ಪಾಠ ಓದುತ್ತಿದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬೆಂಗಳೂರಿನ ಸೆರೆಮನೆಯಲ್ಲಿ ಇಟ್ಟರು. ಉಬ್ಬಸದಿಂದ ನರಳುತ್ತಿದ್ದರೂ ಅವರು ಅಲ್ಲಿನ ಬಡ ಹೆಂಗಸರನ್ನು ಸೇರಿಸಿ ಹಾಡು ಆಟಗಳಲ್ಲಿ ತೊಡಗಿಸಿದರು, ಅವರ ಕಷ್ಟಗಳನ್ನು ಅಧಿಕಾರಿಗಳ ಮುಂದೆ ಎತ್ತಿ ಹೇಳಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು.

ಮೈಸೂರಿನ ಸೆರೆಮನೆಯಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಶಿಕ್ಷೆಯಾದ ಕೈದಿಗಳಿಂದ ಕನ್ನಡ ನಾಟಕಗಳನ್ನು ಆಡಿಸಿದರು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ಎಚ್. ಎಸ್. ಶಿವಪ್ರಕಾಶರು ಕನ್ನಡಕ್ಕೆ ತಂದ ‘ಮಾರನಾಯಕ’ ಅವುಗಳಲ್ಲಿ ಒಂದು. ಕೊಲೆಯ ಪಶ್ಚಾತ್ತಾಪದ ಆ ನಾಟಕವನ್ನು ಕೈದಿಗಳೇ ಆಡಿದರೆಂದರೆ ಅದರ ಅರ್ಥವನ್ನು ಓದುಗರೇ ಊಹಿಸಬಹುದು. ಮಂಡೇಲಾ ಇದ್ದ ರಾಬೆನ್ ದ್ವೀಪದಲ್ಲಿ ಒಂದಕ್ಕೊಂದು ಆಗದ ರಾಜಕೀಯ ಪಕ್ಷಗಳ ಕೈದಿಗಳು ಕೂಡಿ ಫುಟ್‌ಬಾಲ್ ಸಂಘ ಕಟ್ಟಿ, ಅಂತರರಾಷ್ಟ್ರೀಯ ನಿಯಮಗಳಂತೆಯೇ ಪಂದ್ಯ ನಡೆಸುತ್ತಿದ್ದರು. ನಾಟಕದಲ್ಲೂ ಆಟದಲ್ಲೂ ಇಬ್ಬರು ಒಬ್ಬರನ್ನೊಬ್ಬರು ಕಾಯಲೇಬೇಕು. ಒಟ್ಟಿಗೆ ಒಂದು ಕೆಲಸ ಮಾಡಿದವರು ನೀರಿನ ತೊಟ್ಟಿಯ ಬಳಿ ಅಷ್ಟು ಬೇಗ ಹೊಡೆದಾಡರು.

ಹೊಂದಿಕೆ ಬೇರೆ, ನುಂಗುವುದು ಬೇರೆ

ಹೊಂದಿಕೊಂಡು ಹೋಗೆಂದರೆ ಎಲ್ಲವನ್ನೂ ಸಹಿಸೆಂದು ಅರ್ಥ ಮಾಡಬಾರದು. ಯಾರಾದರೂ ಹೊಡೆದರೆ, ಹಣ ಕಿತ್ತರೆ, ಅಸಹ್ಯವಾಗಿ ನಡೆದುಕೊಂಡರೆ ಹೇಳಲೇಬೇಕು. ತಿರುಗಿ ಕೈ ಎತ್ತಿದರೆ ಇಬ್ಬರೂ ತಪ್ಪಿತಸ್ಥರಾಗುತ್ತಾರೆ. 1894ರ ಬಂದೀಖಾನೆ ಕಾಯಿದೆಯಲ್ಲಿಯೇ ಹಲ್ಲೆ, ಬೆದರಿಕೆಯ ಮಾತು, ಅಸಭ್ಯ ನಡತೆ ಇವನ್ನು ಜೈಲಿನೊಳಗಿನ ಅಪರಾಧಗಳೆಂದು ಬರೆದಿತ್ತು. ಶಿಕ್ಷೆಯಾದವನಿಗೆ ಒಳ್ಳೆಯ ನಡತೆಗಾಗಿ ದೊರೆಯುವ ದಿನಗಳ ಮಾಫಿಯೂ ಇದರಿಂದ ಹೋಗಬಹುದು.

ಹೇಳುವುದು ಯಾರಿಗೆ? ಜೈಲಿನ ಸೂಪರಿಂಟೆಂಡೆಂಟರಿಗೆ, ತಪಾಸಣೆಗೆ ಬರುವ ನ್ಯಾಯಾಧೀಶರಿಗೆ, ತಾರೀಖಿನ ದಿನ ಕೋರ್ಟಿನಲ್ಲಿ, ಇಲ್ಲವೆ ತನ್ನ ವಕೀಲರಿಗೆ. ವಕೀಲರಿಗೆ ಕೊಡಲು ಹಣವಿಲ್ಲದವನೂ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರ ನೆರವು ಸಿಗಬೇಕು. ಮನೆಯವರು 15100 ಎಂಬ ಸಂಖ್ಯೆಗೆ ಫೋನು ಮಾಡಿ ವಿಚಾರಿಸಬಹುದು. ಸುಪ್ರೀಂ ಕೋರ್ಟು 1979ರಲ್ಲಿ ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಒಂದು ಪತ್ರವನ್ನೇ ಅರ್ಜಿಯೆಂದು ಎಣಿಸಿ ತೀರ್ಪು ಕೊಟ್ಟಿತು. ಅವನು ಬರೆದದ್ದು ತನ್ನ ಕಷ್ಟವನ್ನಲ್ಲ. ಜೊತೆಯ ಇನ್ನೊಬ್ಬ ಕೈದಿಗೆ ವಾರ್ಡರನೊಬ್ಬ ಕೊಟ್ಟ ಹಿಂಸೆಯನ್ನು. ಸೆರೆಮನೆಯ ನೆರೆಹೊರೆತನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ತಿಳಿಯದು.

ಗುಡಿಸುವ ಕೆಲಸ ಇಂಥ ಜಾತಿಗೆ, ಅಡಿಗೆ ಇಂಥ ಜಾತಿಗೆ ಎಂಬ ಹಂಚಿಕೆ ಕೆಲವು ರಾಜ್ಯಗಳ ಜೈಲು ನಿಯಮಗಳಲ್ಲಿಯೇ ಇತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ತೀರ್ಪಿತ್ತಿದೆ. ಜಾತಿ ಕೇಳಿ ಕೆಲಸ ಹಚ್ಚುವವರಿದ್ದರೆ ಇದನ್ನು ನೆನಪಿಸಬಹುದು.

ಮನೆಯವರ ಪಾಲು

ಮುಲಾಖತ್ತಿನ ಸಮಯ ಬಹಳ ಚಿಕ್ಕದು. ಅದನ್ನು ಅಳುವುದರಲ್ಲಿಯೂ, “ಮಾನ ಕಳೆದೆ” ಎಂದು ಬೈಯುವುದರಲ್ಲಿಯೂ ಕಳೆಯಬಾರದು. ಆ ಮಾತು ಹೊತ್ತು ಒಳಗೆ ಹೋದವನು ಸಂಜೆ ಬಾಗಿಲು ಹಾಕಿದ ಮೇಲೆ ಅದನ್ನು ಯಾರ ಮೇಲಾದರೂ ತೀರಿಸಿಕೊಳ್ಳುತ್ತಾನೆ. ಹೋಗಲಾಗದ ವಾರ ಒಂದು ಪತ್ರವಾದರೂ ಹೋಗಲಿ. ಬರುತ್ತೇನೆಂದ ದಿನ ತಪ್ಪಿಸಬೇಡಿ. ನಿಯಮಕ್ಕೆ ಮೀರಿದ ವಸ್ತುವನ್ನು ಯಾರ ಮೂಲಕವೂ ಒಳಗೆ ಕಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯಿದೆಯ 479ನೆಯ ಕಲಮಿನಂತೆ, ಹಿಂದೆ ಶಿಕ್ಷೆಯಾಗದವನು ತನ್ನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದಿದ್ದರೆ ಅವನನ್ನು ಜಾಮೀನಿನ ಮೇಲೆ ಬಿಡಬೇಕೆಂದಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಸಲ್ಲದು. ಬೇರೆ ಪ್ರಕರಣಗಳು ಬಾಕಿ ಇದ್ದರೂ ಸಲ್ಲದು. ವಕೀಲರನ್ನು ಕೇಳಿ ದಿನಗಳ ಲೆಕ್ಕ ಇಡುವುದು ಮನೆಯವರ ಕೆಲಸ.

ಆ ತಾಯಿಗೆ ನಾವು ಬರೆದುಕೊಟ್ಟ ಪತ್ರ ಇಷ್ಟು ಉದ್ದವಾಗಿರಲಿಲ್ಲ. “ಯಾರಿಂದಲೂ ಏನನ್ನೂ ತೆಗೆದುಕೊಳ್ಳಬೇಡ. ಕೊಡಬೇಕಾದ ಸಾಲವನ್ನು ವಕೀಲರಿಗೆ ಹೇಳು, ಹೆದರಬೇಡ. ನಾಲ್ಕು ಜನರಿಗೆ ಪತ್ರ ಬರೆದುಕೊಡು. ಅವ್ವ ಪ್ರತಿ ಬುಧವಾರ ಬರುತ್ತಾಳೆ” ಎಂದಿಷ್ಟೇ ಬರೆದೆವು. ವಕೀಲರ ಮೂಲಕ ವಿಷಯ ಅಧಿಕಾರಿಗಳಿಗೆ ಮುಟ್ಟಿ, ಹುಡುಗನನ್ನು ಬೇರೆ ಬ್ಯಾರಕ್ಕಿಗೆ ಹಾಕಿದರು. ಬೆಂಡೋಲೆ ಇನ್ನೂ ಅಡವಿನಲ್ಲಿಯೇ ಇದೆ.

ಈಗ ಹುಡುಗ ಜಾಮೀನಿನ ಮೇಲೆ ಹೊರಗಿದ್ದಾನೆ. ಬಂದ ವಾರವೇ ವಾಚನಾಲಯಕ್ಕೆ ಬಂದು ಬೆಂಚಿನ ತುದಿಯಲ್ಲಿ ಕುಳಿತ. ಪಕ್ಕದಲ್ಲಿದ್ದ ಇಬ್ಬರು ಪತ್ರಿಕೆ ಮಡಿಸಿಟ್ಟು ಎದ್ದುಹೋದರು. ಅವನು ಅದನ್ನು ನೋಡಿದ, ನಾವೂ ನೋಡಿದೆವು. ಏನು ಹೇಳಬೇಕೆಂದು ತೋಚದೆ ನಾವೇ ಹೋಗಿ ಅವನ ಪಕ್ಕದಲ್ಲಿ ಕುಳಿತೆವು. ಹೊರಡುವಾಗ ಅವನು, “ಅಣ್ಣಾ, ನಮ್ಮ ಬ್ಯಾರಕ್‌ನ್ಯಾಗ ಕನ್ನಡದವ್ರು ನಾಕ ಮಂದಿ ಇದ್ವಿ. ಒಮ್ಮೆ ಯಾವುದೋ ಪುಡಕಿ ಕಟ್ಟಿದ ಕನ್ನಡ ಪೇಪರಿನ ತುಂಡು ಸಿಕ್ಕಿತ್ತು. ಹದಿನೈದ ದಿನ ಅದನ್ನ ಓದಿದ್ವಿ” ಎಂದ.

ಸದಸ್ಯರಲ್ಲಿ ನಮ್ಮ ವಿನಂತಿ ಎರಡು. ಮನೆಯಲ್ಲಿ ಓದಿ ಮುಗಿಸಿದ ಕನ್ನಡ ಪುಸ್ತಕ, ಮಾಸಪತ್ರಿಕೆಗಳಿದ್ದರೆ ವಾಚನಾಲಯಕ್ಕೆ ತಂದುಕೊಡಿ. ಜೈಲಿನ ಸೂಪರಿಂಟೆಂಡೆಂಟರ ಅನುಮತಿ ಕೇಳಿ ಅರ್ಜಿ ಹಾಕಿದ್ದೇವೆ, ದೊರೆತ ಕೂಡಲೇ ಕಟ್ಟು ಕಳಿಸುತ್ತೇವೆ. ಇನ್ನೊಂದು, ಆ ಹುಡುಗ ಸಂಜೆ ಏಳರ ಸುಮಾರಿಗೆ ಬರುತ್ತಾನೆ. ಬೆಂಚಿನಲ್ಲಿ ಅವನಿಗೂ ಸ್ವಲ್ಪ ಜಾಗ ಬಿಡಿ.